ಕಡಲಿಗೆ ಕಬ್ಬಿಣದ ಮದ್ದು

ಊರಿನ ಕೆರೆಗೆ ಯಾರು ಏನನ್ನು ಹಾಕಬಹುದು ಎಂಬ ಪ್ರಶ್ನೆ ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಹೊಸದಲ್ಲ. ಒಬ್ಬನು ಮೀನುಮರಿ ಬಿಡಬೇಕೆನ್ನುತ್ತಾನೆ. ಇನ್ನೊಬ್ಬನು ತೆಂಗಿನ ಮಟ್ಟೆ ನೆನೆಹಾಕಬೇಕೆನ್ನುತ್ತಾನೆ. ಮತ್ತೊಬ್ಬನು ಹೊಲಕ್ಕೆ ಸುರಿದ ಗೊಬ್ಬರವು ಮಳೆಯಲ್ಲಿ ಕೊಚ್ಚಿಬಂದು ಕೆರೆಯೆಲ್ಲ ಹಸುರು ಪಾಚಿಗಟ್ಟುತ್ತದೆ. ದನಗಳು ನೀರಿಗೆ ಮೂತಿಯಿಡುವುದಿಲ್ಲ. ಹಿರಿಯರು ಅರಳಿಕಟ್ಟೆಯಲ್ಲಿ ಸೇರುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ, ಕೆರೆ ಎಲ್ಲರದೂ ಆದುದರಿಂದ ಎಲ್ಲರನ್ನೂ ಕೇಳದೆ ಒಬ್ಬನು ಅದರಲ್ಲಿ ಕೈಯಿಡಬಾರದು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಈಗ ಅದೇ ಪ್ರಶ್ನೆ ಮಹಾಸಾಗರಗಳನ್ನು ಕುರಿತು ಎದ್ದಿದೆ. ಭೂಮಿಯ ತಾಪ ಏರುತ್ತಿರುವುದನ್ನು ತಡೆಯಲು ಕಡಲಿಗೇ ಏನಾದರೊಂದು ಮದ್ದು ಹಾಕಬಹುದೇ, ಹಾಕಿದರೆ ಗುಣವಾದೀತೋ ಕೇಡಾದೀತೋ, ಹಾಕಲು ಅಪ್ಪಣೆ ಕೊಡಬೇಕಾದವರು ಯಾರು ಎಂದು ಲೋಕದ ವಿಜ್ಞಾನಿಗಳೂ ಸರಕಾರಗಳೂ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ವಾದಿಸುತ್ತಿದ್ದಾರೆ. ಆ ವಾದದ ನಡುವೆ ನಮ್ಮ ದೇಶದ ವಿಜ್ಞಾನಿಗಳೂ ಒಮ್ಮೆ ನಿಂತಿದ್ದರು. ಆ ಕಥೆಯನ್ನು ನಮ್ಮ ಗಡಿನಾಡಿನ ಕುಟುಂಬಗಳ ಮುಂದೆ ಇಡಬೇಕೆಂಬುದು ನಮ್ಮ ಬಹುದಿನದ ಅಪೇಕ್ಷೆ.

ಪಾಲಕೋಡಿನಲ್ಲಿ ಟೊಮೇಟೊ ಬೆಳೆದು ಬುಟ್ಟಿಯಲ್ಲಿ ಮಂಡಿಗೆ ಸಾಗಿಸುವವನಿಗೆ ಕಡಲಿನಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಎಷ್ಟೋ ಮಂದಿ ಕಡಲನ್ನು ಕಣ್ಣಾರೆ ಕಂಡವರೇ ಅಲ್ಲ. ಆದರೆ ನಮ್ಮ ಮುಂಗಾರೂ ಕಡಲಿನಿಂದಲೇ ಬರುತ್ತದೆ, ಹಿಂಗಾರೂ ಕಡಲಿನಿಂದಲೇ ಬರುತ್ತದೆ. 2024ರ ನವೆಂಬರ್ ಕೊನೆಯಲ್ಲಿ ಬಂಗಾಳಕೊಲ್ಲಿಯಲ್ಲಿ ಎದ್ದ ಫೆಂಜಲ್ ಚಂಡಮಾರುತವನ್ನು ಯಾರು ಮರೆತಾರು? ಕಡಲಿನಿಂದ ಅಷ್ಟು ದೂರದ ಊತ್ತಂಗರೆಯಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂಟಿಮೀಟರ್, ನಮ್ಮದೇ ಜಿಲ್ಲೆಯ ಅರೂರಿನಲ್ಲಿ 30 ಸೆಂಟಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯಿತು. ಬಿಸಿಯಾದ ಕಡಲು ಮೋಡಕ್ಕೆ ಹೆಚ್ಚು ನೀರುಣಿಸುತ್ತದೆ. ಕಡಲಿನ ಆರೋಗ್ಯ ಕೆಟ್ಟರೆ ನಮ್ಮ ಹೊಲದ ಆರೋಗ್ಯವೂ ಕೆಡುತ್ತದೆ.

ಶಿಕ್ಷಕರ ತರಬೇತಿಯಲ್ಲಿ ನಾವು ಕಲಿತ ಮೊದಲ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಮಕ್ಕಳನ್ನು ಕೈಹಿಡಿದು ನಡೆಸಬೇಕೆಂಬುದು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದ ಮೇಲೂ ಅದಕ್ಕಿಂತ ಮೇಲಾದ ಸೂತ್ರ ನಮಗೆ ದೊರೆತಿಲ್ಲ. ಈ ಲೇಖನದಲ್ಲಿಯೂ ಅದನ್ನೇ ಅನುಸರಿಸುತ್ತೇವೆ. ಮೊದಲು ರೋಗ ಯಾವುದೆಂದು ನೋಡೋಣ.

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿದಾಗ ಹೊರಬರುವ ಇಂಗಾಲಾಮ್ಲ ಅನಿಲವು, ಎಂದರೆ ಇಂದಿನ ಪಾಠಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅನಿಲವು, ಗಾಳಿಯಲ್ಲಿ ಸೇರುತ್ತದೆ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 280 ಪಾಲಿನಷ್ಟಿತ್ತು. ಈಗ 420ನ್ನು ದಾಟಿದೆ. ಅದು ಕಂಬಳಿಯಂತೆ ಭೂಮಿಯ ಕಾವನ್ನು ಹೊರಬಿಡದೆ ಹಿಡಿಯುತ್ತದೆ. ಹೀಗೆ ಹೆಚ್ಚಾದ ಕಾವಿನಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಕಡಲೇ ನುಂಗಿಕೊಂಡಿದೆ. ನಾವು ವರ್ಷವರ್ಷವೂ ಬಿಡುವ ಇಂಗಾಲಾಮ್ಲದಲ್ಲಿ ಸುಮಾರು ಕಾಲು ಭಾಗವನ್ನೂ ಕಡಲು ಕರಗಿಸಿಕೊಳ್ಳುತ್ತಿದೆ. ಸೋಡಾ ಬಾಟಲಿಯ ನೀರು ನಾಲಿಗೆಗೆ ಚುರುಗುಟ್ಟುವುದು ಇದೇ ಅನಿಲ ಕರಗಿರುವುದರಿಂದ. ಅದೇ ರೀತಿಯಲ್ಲಿ ಕಡಲಿನ ನೀರೂ ಸ್ವಲ್ಪಸ್ವಲ್ಪವಾಗಿ ಆಮ್ಲದ ಕಡೆಗೆ ವಾಲುತ್ತಿದೆ. ಸುಣ್ಣದ ಚಿಪ್ಪು ಕಟ್ಟಿಕೊಳ್ಳುವ ಹವಳ, ಮೃದ್ವಂಗಿ ಮೊದಲಾದ ಜೀವಿಗಳಿಗೆ ಇದರಿಂದ ಮನೆ ಕಟ್ಟುವುದೇ ಕಷ್ಟವಾಗುತ್ತಿದೆ.

ಇನ್ನು ಮದ್ದಿನ ಮಾತು. ನಮ್ಮ ಶಾಲೆಯಲ್ಲಿ ವಾರಕ್ಕೊಂದು ದಿನ, ಮಧ್ಯಾಹ್ನದ ಊಟವಾದ ಮೇಲೆ, ದೊಡ್ಡ ತರಗತಿಯ ಮಕ್ಕಳಿಗೆ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತೇವೆ. ರಕ್ತಹೀನತೆಯಿಂದ ಮುಖ ಬಿಳಿಚಿಕೊಂಡು, ಎರಡು ಸುತ್ತು ಓಡುವಷ್ಟರಲ್ಲಿ ಏದುಸಿರು ಬಿಡುವ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಉಣ್ಣಲು ಅನ್ನವಿದ್ದರೂ ಮೈಗೆ ಕಬ್ಬಿಣ ಸಾಲದಿದ್ದರೆ ಬಲ ಬರುವುದಿಲ್ಲ. ಕಡಲಿನ ಕೆಲವು ಭಾಗಗಳ ಸ್ಥಿತಿಯೂ ಹೀಗೆಯೇ. ಪ್ರಪಂಚದ ಕಡಲುಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಲ್ಲಿ, ಮುಖ್ಯವಾಗಿ ದಕ್ಷಿಣ ಧ್ರುವದ ಸುತ್ತಣ ಮಹಾಸಾಗರದಲ್ಲಿ, ಸಾರಜನಕ ರಂಜಕಗಳ ಸಾರ ಬೇಕಾದಷ್ಟಿದ್ದರೂ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುವುದಿಲ್ಲ. ಅಲ್ಲಿಗೆ ಮರುಭೂಮಿಯ ಧೂಳು ಹೆಚ್ಚಾಗಿ ಬೀಳದ ಕಾರಣ ಕಬ್ಬಿಣದ ಕೊರತೆಯಿದೆ.

ಈ ಕೊರತೆಯನ್ನು ಎತ್ತಿ ತೋರಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾ ತೀರದ ಮಾಸ್ ಲ್ಯಾಂಡಿಂಗ್ ಪ್ರಯೋಗಾಲಯದ ಜಾನ್ ಮಾರ್ಟಿನ್ ಎಂಬ ವಿಜ್ಞಾನಿ. ಅರ್ಧ ಹಡಗು ಕಬ್ಬಿಣ ಕೊಟ್ಟರೆ ಹಿಮಯುಗವನ್ನೇ ತಂದುಕೊಡುತ್ತೇನೆಂದು ಅವರು 1988ರಲ್ಲಿ ಒಂದು ಉಪನ್ಯಾಸದಲ್ಲಿ ಅರ್ಧ ವಿನೋದವಾಗಿ ಹೇಳಿದರು. ಅವರ ತರ್ಕ ಸರಳವಾದುದು. ಕಬ್ಬಿಣ ಹಾಕಿದರೆ ಸೂಕ್ಷ್ಮ ಸಸ್ಯಗಳು ಚಿಗುರುತ್ತವೆ. ಚಿಗುರಲು ಅವು ಇಂಗಾಲಾಮ್ಲವನ್ನು ಹೀರುತ್ತವೆ. ಸತ್ತಾಗ ಮುಳುಗಿ ಇಂಗಾಲವನ್ನು ಆಳಕ್ಕೆ ಒಯ್ಯುತ್ತವೆ. ಸಾವಿರ ಮೀಟರಿನ ಕೆಳಗೆ ಇಳಿದದ್ದು ನೂರಾರು ವರ್ಷ ಮೇಲಕ್ಕೆ ಬಾರದು. ಮಾರ್ಟಿನ್ 1993ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಸಂಗಡಿಗರು ಗಲಾಪಗಸ್ ದ್ವೀಪಗಳ ಬಳಿ ಮೊದಲ ಪ್ರಯೋಗ ನಡೆಸಿದರು. ಕಡಲು ಹಸುರಾಯಿತು. ಅಲ್ಲಿಂದ 2009ರವರೆಗೆ ಇಂತಹ ಹನ್ನೆರಡಕ್ಕೂ ಹೆಚ್ಚು ಪ್ರಯೋಗಗಳು ನಡೆದವು.

ಹಾಕುವ ಪದಾರ್ಥವೂ ನಮಗೆ ಅಪರಿಚಿತವಲ್ಲ. ಫೆರಸ್ ಸಲ್ಫೇಟ್ ಎಂದು ಅವರು ಹೇಳುವುದು ನಮ್ಮ ಗ್ರಂಧಿಗೆ ಅಂಗಡಿಯ ಅನ್ನಭೇದಿಯೇ. ನಮ್ಮ ಹಿಂದಿನ ತಲೆಮಾರಿನ ಅಯ್ಯಗಳು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರಸಿ ಶಾಯಿ ಮಾಡಿಕೊಳ್ಳುತ್ತಿದ್ದರು. ಆ ಹಸುರು ಹರಳನ್ನೇ ನೀರಿನಲ್ಲಿ ಕರಗಿಸಿ ಹಡಗಿನ ಹಿಂಭಾಗದಿಂದ ಕಡಲಿಗೆ ಬಿಡುತ್ತಾರೆ.

ಈಗ ನಮ್ಮ ದೇಶದ ಕಥೆಗೆ ಬರೋಣ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯೂ ಕೂಡಿ ಒಂದು ಪ್ರಯೋಗವನ್ನು ಯೋಜಿಸಿದವು. ಅದಕ್ಕೆ ಲೋಹಾಫೆಕ್ಸ್ ಎಂದು ಹೆಸರಿಟ್ಟರು. ಹಿಂದಿಯ ‘ಲೋಹಾ’ ಎಂಬ ಶಬ್ದ ಅದರಲ್ಲಿ ಅಡಗಿದೆ. ನಮ್ಮ ಕಡೆಯ ಮುಖ್ಯಸ್ಥರು ವಾಜಿಹ್ ನಖ್ವಿ, ಜರ್ಮನಿಯ ಕಡೆಯವರು ವಿಕ್ಟರ್ ಸ್ಮೆಟಾಚೆಕ್. ಪೋಲಾರ್‌ಸ್ಟೆರ್ನ್ ಎಂಬ ಸಂಶೋಧನಾ ಹಡಗು 2009ರ ಜನವರಿ 7ರಂದು ಆಫ್ರಿಕದ ತುದಿಯ ಕೇಪ್‌ಟೌನ್ ಬಂದರನ್ನು ಬಿಟ್ಟಿತು. ಹಡಗು ನಡುಗಡಲಿನಲ್ಲಿರುವಾಗಲೇ ದಡದಲ್ಲಿ ದೊಡ್ಡ ಗದ್ದಲವೆದ್ದಿತು. ಹಿಂದಿನ ವರ್ಷದ ಮೇ ತಿಂಗಳಿನಲ್ಲಿ ಬಾನ್ ನಗರದಲ್ಲಿ ಸೇರಿದ್ದ ಜೀವವೈವಿಧ್ಯ ಸಮ್ಮೇಳನದಲ್ಲಿ, ತೀರದ ನೀರಿನ ಚಿಕ್ಕ ಸಂಶೋಧನೆಗಳ ಹೊರತು ಕಡಲಿಗೆ ಗೊಬ್ಬರ ಹಾಕುವ ಕೆಲಸ ನಡೆಯಬಾರದೆಂದು ರಾಷ್ಟ್ರಗಳು ಒಪ್ಪಿದ್ದವು. ಈ ಪ್ರಯೋಗ ಆ ಒಪ್ಪಂದಕ್ಕೆ ವಿರುದ್ಧವೆಂದು ಪರಿಸರ ಸಂಘಗಳು ಕೂಗಿದವು. ಜರ್ಮನಿಯ ಪರಿಸರ ಸಚಿವಾಲಯವು ನಿಲ್ಲಿಸಿರೆಂದಿತು. ಅಲ್ಲಿಯ ಸಂಶೋಧನಾ ಸಚಿವಾಲಯವು ಹೊರಗಿನ ತಜ್ಞರಿಂದ ಪರಿಶೀಲನೆ ಮಾಡಿಸಿ, ಜನವರಿ 26ರಂದು, ನಮ್ಮ ಗಣರಾಜ್ಯೋತ್ಸವದ ದಿನವೇ, ಮುಂದುವರಿಯಲು ಒಪ್ಪಿಗೆ ಕೊಟ್ಟಿತು.

ನೀರಿನ ಒಂದು ದೊಡ್ಡ ಸುಳಿಯೊಳಗೆ, ಸುಮಾರು 300 ಚದರ ಕಿಲೋಮೀಟರಿನಷ್ಟು ಕಡಲಿಗೆ, ಎಂದರೆ ಹದಿನೇಳು ಕಿಲೋಮೀಟರ್ ಉದ್ದ ಅಷ್ಟೇ ಅಗಲದ ಪ್ರದೇಶಕ್ಕೆ, ಹಲವು ಟನ್ ಕಬ್ಬಿಣವನ್ನು ಬಿಟ್ಟರು. ಬಿಟ್ಟು ಮನೆಗೆ ಹೋಗಲಿಲ್ಲ. 39 ದಿನ ಅಲ್ಲಿಯೇ ನಿಂತು ಅಳೆದರು. ಮೊದಲ ಎರಡು ವಾರಗಳಲ್ಲಿ ಸೂಕ್ಷ್ಮ ಸಸ್ಯಗಳ ರಾಶಿ ಇಮ್ಮಡಿಯಾಯಿತು. ಅಲ್ಲಿಗೆ ನಿಂತಿತು. ಕಾರಣವೇನೆಂದರೆ, ಗಾಜಿನಂತಹ ಸಿಲಿಕದ ಕವಚ ತೊಟ್ಟು ಬೇಗ ಮುಳುಗುವ ಡಯಾಟಂ ಎಂಬ ಜಾತಿ ಅಲ್ಲಿ ಬೆಳೆಯಲಿಲ್ಲ. ಅದಕ್ಕೆ ಬೇಕಾದ ಸಿಲಿಕದ ಸಾರವನ್ನು ಹಿಂದೆ ತಾನಾಗಿ ಬೆಳೆದಿದ್ದ ಸಸ್ಯಗಳೇ ಮುಗಿಸಿಬಿಟ್ಟಿದ್ದವು. ಬೆಳೆದ ಮೆತ್ತನೆಯ ಜಾತಿಗಳನ್ನು ಸೀಗಡಿಯ ದೂರದ ಬಂಧುಗಳಾದ ಪುಟ್ಟ ಜೀವಿಗಳು ಮೇದುಬಿಟ್ಟವು. ಅವುಗಳನ್ನು ಅವುಗಳಿಗಿಂತ ದೊಡ್ಡವು ತಿಂದವು. ಆಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ಮಾರ್ಚ್ 17ರಂದು ಹಡಗು ಚಿಲಿ ದೇಶದ ಪುಂತಾ ಅರೇನಸ್ ಬಂದರನ್ನು ಮುಟ್ಟಿತು. ಮದ್ದು ನಿರೀಕ್ಷಿಸಿದಂತೆ ನಾಟಲಿಲ್ಲವೆಂದು ಅವರೇ ಲೋಕಕ್ಕೆ ಸಾರಿದರು.

ಇದೇ ತಂಡದ ಸ್ಮೆಟಾಚೆಕ್ ಮೊದಲಾದವರು 2004ರಲ್ಲಿ ಅದೇ ಮಹಾಸಾಗರದ ಮತ್ತೊಂದು ಸುಳಿಯಲ್ಲಿ ನಡೆಸಿದ ಪ್ರಯೋಗದ ಫಲವಾದರೋ ಬೇರೆಯಾಗಿತ್ತು. ಅಲ್ಲಿ ಡಯಾಟಂಗಳು ಬೆಳೆದಿದ್ದವು. ಬೆಳೆದ ರಾಶಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸಾವಿರ ಮೀಟರಿನ ಕೆಳಗೆ ಮುಳುಗಿತೆಂದು 2012ರಲ್ಲಿ ಪ್ರಕಟಿಸಿದರು. ಒಂದೇ ಮದ್ದು, ಒಂದೇ ಸಾಗರ, ಎರಡು ಸುಳಿ, ಎರಡು ಫಲ! ರಾಗಿಯ ಹೊಲಕ್ಕೆ ಹಾಕಿದ ಗೊಬ್ಬರ ಒಂದು ತಾಕಿನಲ್ಲಿ ತೆನೆಯಾಗಿ, ಮತ್ತೊಂದು ತಾಕಿನಲ್ಲಿ ಕಳೆಯಾಗುವುದನ್ನು ಕಂಡ ರೈತನಿಗೆ ಇದು ಆಶ್ಚರ್ಯವಲ್ಲ. ಇದಲ್ಲದೆ ಕೊಳೆತ ಪಾಚಿ ನೀರಿನ ಆಮ್ಲಜನಕವನ್ನು ತಿಂದುಹಾಕುವ ಭಯವೂ ಇದೆ. ಕಾರವಾರ ಮಂಗಳೂರುಗಳ ಪಕ್ಕದ ನಮ್ಮ ಪಡುಗಡಲಿನಲ್ಲಿ ಪ್ರತಿ ವರ್ಷ ಆಮ್ಲಜನಕ ಕುಸಿಯುವುದನ್ನೂ, ಅಲ್ಲಿಂದ ತಾಪವನ್ನು ಹೆಚ್ಚಿಸುವ ಮತ್ತೊಂದು ಅನಿಲವಾದ ನೈಟ್ರಸ್ ಆಕ್ಸೈಡ್ ಏಳುವುದನ್ನೂ 2000ದಲ್ಲಿ ಲೋಕಕ್ಕೆ ತಿಳಿಸಿದವರು ಇದೇ ನಖ್ವಿ ಮತ್ತು ಅವರ ಸಂಗಡಿಗರು.

ಎರಡನೆಯ ಮದ್ದು ಸುಣ್ಣದ ಜಾತಿಯದು. ಹೊಟ್ಟೆಯ ಹುಳಿಗೆ ವೈದ್ಯರು ಕ್ಷಾರದ ಔಷಧ ಕೊಡುವಂತೆ, ಕಡಲಿಗೆ ಸುಣ್ಣವನ್ನೋ ಮೆಗ್ನೀಸಿಯಮ್ ತುಂಬಿದ ಕಲ್ಲಿನ ಪುಡಿಯನ್ನೋ ಬೆರಸಿ ಅದರ ಆಮ್ಲವನ್ನು ತಗ್ಗಿಸಿದರೆ, ಕಡಲು ಗಾಳಿಯಿಂದ ಇನ್ನಷ್ಟು ಇಂಗಾಲಾಮ್ಲವನ್ನು ಹೀರಿ ಬೈಕಾರ್ಬೊನೇಟ್ ರೂಪದಲ್ಲಿ ಬಹುಕಾಲ ಇಟ್ಟುಕೊಳ್ಳುತ್ತದೆ ಎಂಬುದು ಇದರ ತತ್ತ್ವ. ಇದರ ನೆಂಟನನ್ನು ನೋಡಲು ನಾವು ಸೇಲಂವರೆಗೆ ಹೋದರೆ ಸಾಕು. ಯೇರ್ಕಾಡಿನ ಬೆಟ್ಟದ ಬುಡದಲ್ಲಿ ಚಾಕ್ ಹಿಲ್ಸ್ ಎಂದು ಕರೆಯುವ ಗುಡ್ಡಗಳಲ್ಲಿ ಕಪ್ಪು ಹಸುರು ಕಲ್ಲಿನ ನಡುವೆ ಬೆಳ್ಳಗೆ ಬಲೆಯಂತೆ ಹರಡಿರುವುದು ಮ್ಯಾಗ್ನಸೈಟ್. ಇಂಗಾಲಾಮ್ಲ ಕರಗಿದ ನೀರು ಮೆಗ್ನೀಸಿಯಮ್ ತುಂಬಿದ ಕಲ್ಲನ್ನು ಅತಿದೀರ್ಘ ಕಾಲ ಕರಗಿಸುತ್ತ ಬಂದುದರಿಂದ ಅದು ಹುಟ್ಟಿತು. ಆ ಬಿಳಿಯ ಗೆರೆಗಳಲ್ಲಿ ಇಂಗಾಲಾಮ್ಲವೇ ಕಲ್ಲಾಗಿ ಕುಳಿತಿದೆ. ಪ್ರಕೃತಿ ಅತಿನಿಧಾನವಾಗಿ ಮಾಡಿದ್ದನ್ನು ಮನುಷ್ಯನು ಕೆಲವೇ ವರ್ಷಗಳಲ್ಲಿ ಮಾಡಬಯಸುತ್ತಾನೆ. ಆದರೆ ಅಷ್ಟು ಕಲ್ಲನ್ನು ಅಗೆಯಬೇಕು, ಪುಡಿಮಾಡಬೇಕು, ಸಾಗಿಸಬೇಕು. ಸುಣ್ಣಕಲ್ಲನ್ನು ಸುಟ್ಟರೆ ಆ ಗೂಡಿನಿಂದಲೂ ಇಂಗಾಲಾಮ್ಲವೇ ಹೊರಡುತ್ತದೆ. ಮನುಷ್ಯನು ವರ್ಷಕ್ಕೆ ಬಿಡುವ ಇಂಗಾಲಾಮ್ಲ ಸುಮಾರು 4,000 ಕೋಟಿ ಟನ್ನು ಎಂಬುದನ್ನು ನೆನೆದಾಗ ಮದ್ದಿನ ಗಾತ್ರ ಎಷ್ಟಿರಬೇಕೆಂದು ಊಹಿಸಬಹುದು.

ಇಲ್ಲಿಯವರೆಗೆ ದೂರದ ಮಾತಾಯಿತು. ಈಗ ನಮ್ಮ ಮನೆಯ ಮಾತು. ನಾವು ಚಿಕ್ಕವರಾಗಿದ್ದಾಗ ಊರಿನವರು ಇಳಿಯುವ ಬಾವಿಯ ನೀರನ್ನೇ ಕುಡಿಯುತ್ತಿದ್ದರು. ದಕ್ಷಿಣ ದೇಶದ ಎಷ್ಟೋ ಹಳ್ಳಿಗಳಲ್ಲಿ ಅಂತಹ ಬಾವಿಗಳಿಂದ ನಾರುಹುಣ್ಣೂ ವಾಂತಿಭೇದಿಯೂ ಹರಡುತ್ತಿದ್ದ ಕಾಲ ಅದು. ನಾವು ಎರಡನೆಯ ತರಗತಿಯಲ್ಲಿದ್ದಾಗ ಊರಿಗೆ ಕೊಳವೆಬಾವಿ ಬಂತು. ಕಲ್ಲನ್ನು ಕೊರೆದು ಚಿಮ್ಮಿದ ನೀರಿಗೆ ಅರಿಸಿನ ಕುಂಕುಮ ಹಾಕಿ ಪೂಜೆ ಮಾಡಿದರು. ಹಿರಿಯರು ನಾಲಿಗೆಯ ಮೇಲೆ ಒಂದು ಹನಿ ಹಾಕಿಕೊಂಡು ‘ಎಳನೀರು!’ ಎಂದರು. ಆ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಯಾರೂ ಅಳೆಯಲಿಲ್ಲ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು ಒಂದೂವರೆ ಮಿಲಿಗ್ರಾಂ ಮೀರಬಾರದು.

ನಮ್ಮ ಮನೆಯಲ್ಲಿಯೇ ಅದರ ಲೆಕ್ಕ ಬರೆದಿಟ್ಟಂತೆ ಕಾಣುತ್ತದೆ. ಕೊಳವೆಬಾವಿಗೆ ಮೊದಲು ಹಲ್ಲು ಬಲಿತಿದ್ದ ಅಕ್ಕನ ಹಲ್ಲು ಬೆಳ್ಳಗಿದೆ. ಆ ನೀರು ಕುಡಿದೇ ಬೆಳೆದ ತಮ್ಮನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಮದುವೆಯ ಫೋಟೋದಲ್ಲಿಯೂ ಅವನು ಬಾಯಿ ತೆರೆದು ನಗಲಿಲ್ಲ. ಹಲ್ಲು ಉಳಿದ ಅಕ್ಕನಿಗೆ ಮೂಳೆ ಉಳಿಯಲಿಲ್ಲ. ಅದೇ ನೀರನ್ನು ಮೂವತ್ತು ವರ್ಷ ಕುಡಿದು, ಬಿಸಿಲಿನಲ್ಲಿ ದುಡಿದು, ಇಂದು ಆಕೆಯ ಬೆನ್ನು ಸೆಟೆದುಕೊಂಡಿದೆ. ಪಕ್ಕಕ್ಕೆ ತಿರುಗಬೇಕಾದರೆ ಮೈಯೆಲ್ಲ ತಿರುಗಬೇಕು. ನೆಲದ ಮೇಲೆ ಕುಳಿತು ಮೊಮ್ಮಗುವನ್ನು ಎತ್ತಿಕೊಳ್ಳಲಾರಳು. ನೀರಿನ ಫ್ಲೋರೈಡಿನಿಂದ ಮೂಳೆ ಕೆಡುವುದನ್ನು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು 1937ರಲ್ಲಿಯೇ ಕಂಡು ಬರೆದಿದ್ದರು. ತಿಳಿವಳಿಕೆ ಇತ್ತು, ಕೊರೆಯುವ ಮೊದಲು ಅಳೆಯಬೇಕೆಂಬ ಕಟ್ಟುಪಾಡು ಇರಲಿಲ್ಲ. ಧರ್ಮಪುರಿ ಕೃಷ್ಣಗಿರಿ ಜಿಲ್ಲೆಗಳಿಗೆ ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ತರುವ ಯೋಜನೆ ಜಪಾನಿನ ನೆರವಿನಿಂದ ಆರಂಭವಾಗಿ 2013ರಲ್ಲಿ ಲೋಕಾರ್ಪಣೆಯಾಯಿತು. ಅದರ ಹೆಸರಿನಲ್ಲಿಯೇ ಫ್ಲೋರೋಸಿಸ್ ನಿವಾರಣೆಯೆಂಬ ಮಾತು ಇದೆ. ತಮ್ಮನ ಮಕ್ಕಳ ಹಲ್ಲು ಬೆಳ್ಳಗಿವೆ. ಅಕ್ಕನ ಬೆನ್ನು ಬಾಗಲಾರದು.

ಇಷ್ಟಾದರೂ ಕೊಳವೆಬಾವಿಯನ್ನು ನಾವು ನಿಂದಿಸಲಾರೆವು. ನಾರುಹುಣ್ಣಿನಿಂದ ನಮ್ಮ ದೇಶ ಪೂರ್ಣವಾಗಿ ಬಿಡುಗಡೆ ಹೊಂದಿತೆಂದು 2000ದಲ್ಲಿ ಘೋಷಣೆಯಾಯಿತು. ಆ ಗೆಲುವಿನಲ್ಲಿ ಕೊಳವೆಬಾವಿಯ ಪಾಲು ದೊಡ್ಡದು. ಮದ್ದು ಒಂದು ರೋಗವನ್ನು ಕಳೆಯಿತು, ಅಳತೆಯಿಲ್ಲದ ಕಡೆ ಮತ್ತೊಂದನ್ನು ತಂದಿತು. ಕಡಲಿನ ಮದ್ದಿನ ವಿಚಾರದಲ್ಲಿ ‘ಏನನ್ನೂ ಮಾಡಲೇಬಾರದು’ ಎನ್ನುವವರ ಮಾತಾಗಲಿ, ‘ತಡಮಾಡದೆ ಸುರಿಯಿರಿ’ ಎನ್ನುವವರ ಮಾತಾಗಲಿ ನಮಗೆ ಒಪ್ಪಿಗೆಯಾಗದಿರುವುದು ಇದರಿಂದಲೇ.

ತಡಮಾಡದೆ ಸುರಿದವರ ಕಥೆಯೂ ಒಂದುಂಟು. ಕೆನಡಾ ದೇಶದ ಪಡುವಣ ತೀರದ ಹೈಡಾ ಗ್ವಾಯ್ ದ್ವೀಪಗಳಲ್ಲಿ ಓಲ್ಡ್ ಮ್ಯಾಸೆಟ್ ಎಂಬ ಮೂಲನಿವಾಸಿಗಳ ಹಳ್ಳಿಯಿದೆ. ಸಾಲ್ಮನ್ ಮೀನೇ ಅವರ ಬದುಕು. ಮೀನು ಕಡಿಮೆಯಾಗಿ ಕಷ್ಟಕ್ಕೆ ಬಿದ್ದ ಆ ಹಳ್ಳಿಗೆ, ಕಡಲಿಗೆ ಕಬ್ಬಿಣ ಹಾಕಿದರೆ ಮೀನೂ ಹೆಚ್ಚುತ್ತದೆ, ಹೀರಿದ ಇಂಗಾಲದ ಲೆಕ್ಕ ತೋರಿಸಿ ಕಾರ್ಬನ್ ಕ್ರೆಡಿಟ್ ಎಂಬ ಪತ್ರಗಳನ್ನು ಮಾರಿ ಹಣವನ್ನೂ ಗಳಿಸಬಹುದು ಎಂಬ ಆಸೆ ಹುಟ್ಟಿತು. ಹಳ್ಳಿಯವರು ಮತ ಹಾಕಿ, ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಸಾಲ ತಂದರು. 2012ರ ಬೇಸಿಗೆಯಲ್ಲಿ ಸುಮಾರು 100 ಟನ್ ಕಬ್ಬಿಣದ ಸಲ್ಫೇಟನ್ನು ಕಡಲಿಗೆ ಬಿಟ್ಟರು. ಕಡಲು ಹಸುರಾದುದು ಉಪಗ್ರಹಗಳಿಗೂ ಕಂಡಿತು. ಎಷ್ಟು ಇಂಗಾಲ ಆಳಕ್ಕಿಳಿಯಿತೆಂಬ ಒಪ್ಪತಕ್ಕ ಲೆಕ್ಕ ದೊರೆಯಲಿಲ್ಲ. ಆಮೇಲೆ ಬಂದ ಮೀನು ಕಬ್ಬಿಣದಿಂದಲೇ ಬಂದಿತೆಂದು ಸಾಬೀತಾಗಲೂ ಇಲ್ಲ. ಸರಕಾರದ ವಿಚಾರಣೆ ನಡೆಯಿತು. ಬಡ ಹಳ್ಳಿಯ ಸಾಲದ ಹಣ ಕಡಲಿನ ಪಾಲಾಯಿತು. ಆ ಹಳ್ಳಿಯವರನ್ನು ಹಂಗಿಸಲು ನಮಗೆ ಮನಸ್ಸು ಬಾರದು. ಬೆಳೆ ಹೋದ ವರ್ಷ ಯಾರಾದರೂ ಬಂದು ಹೊಸ ಬೀಜ, ಹೊಸ ಮದ್ದು ಎಂದರೆ ನಮ್ಮವರೂ ತಾಳಿಯನ್ನು ಅಡವಿಟ್ಟು ಕೊಂಡದ್ದುಂಟು.

ಈ ವಿಷಯವನ್ನು ಕುರಿತು ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಚರ್ಚೆ ಏರ್ಪಡಿಸಿದೆವು. ಪಾಠ ನಡೆಯುವುದು ತಮಿಳಿನಲ್ಲಿ. ಆದರೆ ವಾದ ಬಿಸಿಯೇರಿದಾಗ ಮಕ್ಕಳ ಬಾಯಿಗೆ ಬರುವುದು ಮನೆಯ ಕನ್ನಡವೇ. ಕಡಲು ಎಂಬ ಶಬ್ದಕ್ಕೆ ಎರಡು ಭಾಷೆಗಳಲ್ಲಿಯೂ ತಕರಾರಿಲ್ಲ. ಮದ್ದು ಬೇಕೆಂದ ಪಕ್ಷದ ಹುಡುಗ, ‘ಹೊಗೆ ಬಿಡೋಕೆ ಯಾರನ್ನ ಕೇಳಿದ್ರು? ಅದೂ ಕಡಲಿಗೆ ಬೀಳ್ತಾನೇ ಇದೆಯಲ್ಲ!’ ಎಂದನು. ನಮಗೆ ಆ ಮಾತು ಮೆಚ್ಚಿಗೆಯಾಯಿತು. ಏನನ್ನೂ ಹಾಕದೆ ಕೈಕಟ್ಟಿ ಕುಳಿತರೂ ನಾವು ಕಡಲಿಗೆ ದಿನವೂ ಇಂಗಾಲಾಮ್ಲವನ್ನು ಹಾಕುತ್ತಲೇ ಇದ್ದೇವೆ. ಅಳತೆಯಿಲ್ಲದ, ಯಾರ ಅಪ್ಪಣೆಯೂ ಇಲ್ಲದ ಪ್ರಯೋಗ ಅದೇ. ಆಗ ಎದುರು ಪಕ್ಷದ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಹಾಕಿದ್ಮೇಲೆ ಬೇಡ ಅನ್ಸಿದ್ರೆ ವಾಪಸ್ ತೆಗೀಬೋದಾ?’ ಎಂದು ಕೇಳಿದಳು. ತರಗತಿ ಸ್ತಬ್ಧವಾಯಿತು. ‘ಕೊಳವೆಬಾವಿಗೆ ಬೀಗ ಹಾಕಬಹುದು, ಮಗು, ಕುಡಿದ ನೀರನ್ನು ತೆಗೆಯಲಾಗದು’ ಎಂದು ಮಾತ್ರ ನಾವು ಹೇಳಿದೆವು. ಆ ಹುಡುಗಿಯ ಅಜ್ಜಿಯೂ ನಮ್ಮ ಅಕ್ಕನಂತೆಯೇ ಮೈಯೆಲ್ಲ ತಿರುಗಿಸಿ ನೋಡುವವರು.

ನೀರಿಗೆ ಗಡಿಯಿಲ್ಲವೆಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಚರಂಡಿಯ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ಬಿಳಿಯ ನೊರೆಯಾಗಿ ಉಕ್ಕುವುದನ್ನು ಈ ಕಡೆಯ ರೈತರು ಎಷ್ಟೋ ಸಲ ಕಂಡಿದ್ದಾರೆ. ಸಾಬೂನು ಕರಗಿಸಿದವರು ಒಂದು ರಾಜ್ಯದವರು, ನೊರೆಯಲ್ಲಿ ಕಾಲಿಟ್ಟವರು ಮತ್ತೊಂದು ರಾಜ್ಯದವರು; ಎರಡೂ ಕಡೆ ಕನ್ನಡವನ್ನಾಡುವವರಿದ್ದಾರೆ. ಒಂದು ಚಿಕ್ಕ ನದಿಯಲ್ಲಿಯೇ ಹೀಗಾದರೆ, ಯಾರ ಹೆಸರಿನಲ್ಲಿಯೂ ಪಟ್ಟಾ ಇಲ್ಲದ ನಡುಗಡಲಿನಲ್ಲಿ ಬೇಡವೆನ್ನುವ ಹಕ್ಕು ಯಾರದು?

ನಮ್ಮ ಅಭಿಪ್ರಾಯ ಹೀಗಿದೆ. ಮೊದಲನೆಯದಾಗಿ, ಪ್ರಯೋಗ ನಡೆಯಬೇಕು. ಅರಿಯದಿರುವುದು ಎಂದೂ ರಕ್ಷಣೆಯಾಗದು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳೂ 2021ರ ವರದಿಯಲ್ಲಿ, ಹಾಕಬೇಕೋ ಬೇಡವೋ ಎಂದು ನಿರ್ಧರಿಸುವ ಮೊದಲು ಸಂಶೋಧನೆ ಆಗಲೆಂದೇ ಹೇಳಿವೆ. ಎರಡನೆಯದಾಗಿ, ಪ್ರಯೋಗ ಲೋಹಾಫೆಕ್ಸ್‌ನಂತೆ ಚಿಕ್ಕದಾಗಿರಬೇಕು. ಹಾಕಿದವರೇ ನಿಂತು ಅಳೆಯಬೇಕು. ಫಲ ಬಾರದಿದ್ದರೆ ಬರಲಿಲ್ಲವೆಂದು ಬಾಯಿಬಿಟ್ಟು ಹೇಳಬೇಕು. ಆ ಪ್ರಯೋಗ ವ್ಯರ್ಥವಾಯಿತೆಂದು ಹಲವರು ಬರೆದರು. ನಮ್ಮ ಊರಿನ ಕೊಳವೆಬಾವಿಯ ಬಳಿ ಮೂವತ್ತೊಂಬತ್ತು ದಿನ ಹಾಗೆ ನಿಂತು ಅಳೆಯುವವರಿದ್ದಿದ್ದರೆ ನಮ್ಮ ಅಕ್ಕ ಇಂದು ಮೊಮ್ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಮೂರನೆಯದಾಗಿ, ಅಳತೆ ಖಚಿತವಾಗುವವರೆಗೆ ಅದನ್ನು ವ್ಯಾಪಾರ ಮಾಡಕೂಡದು. ಮಾರುವವನೇ ತೂಗುವವನಾದರೆ ತಕ್ಕಡಿಯನ್ನು ನಂಬುವವರಾರು? ನಾಲ್ಕನೆಯದಾಗಿ, ಮೀನುಗಾರರನ್ನೂ ತೀರದ ಹಳ್ಳಿಗಳನ್ನೂ ಮೊದಲು ಕೇಳಬೇಕು, ಕೇಳಿದ ಮೇಲೆ ‘ಬೇಡ’ ಎಂಬ ಉತ್ತರಕ್ಕೂ ಬೆಲೆ ಕೊಡಬೇಕು.

ಇವೆಲ್ಲಕ್ಕಿಂತ ಮಿಗಿಲಾದುದು ಪಥ್ಯ. ನೀಲಿ ಮಾತ್ರೆಯನ್ನು ನುಂಗಿದ ಮಗುವಿಗೆ ಸೊಪ್ಪು, ಕಾಳು, ರಾಗಿಯ ಊಟ ಇಲ್ಲದಿದ್ದರೆ ಮಾತ್ರೆ ಎಷ್ಟು ದಿನ ಕಾಪಾಡೀತು? ಹೊಗೆಯನ್ನು ತಗ್ಗಿಸದೆ ಕಡಲಿಗೆ ಮದ್ದು ಹಾಕುವುದು, ತೂತು ಮುಚ್ಚದೆ ಕೊಡಕ್ಕೆ ನೀರು ತುಂಬಿದಂತೆ. ಮುಂದೆ ಮದ್ದು ಇದೆಯಲ್ಲ ಎಂಬ ನೆಚ್ಚಿಕೆಯಲ್ಲಿ ಇಂದಿನ ಹೊಗೆಯನ್ನು ಮುಂದುವರಿಸುವುದೇ ಈ ಮದ್ದುಗಳ ಅತಿ ದೊಡ್ಡ ಅಪಾಯವೆಂದು ನಾವು ತಿಳಿದಿದ್ದೇವೆ.

ಓದುಗ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಕಡಲಿಗೆ ಮದ್ದು ಹಾಕುವವರನ್ನು ತಡೆಯುವುದಾಗಲಿ ಒಪ್ಪುವುದಾಗಲಿ ಇಂದು ನಮ್ಮ ಕೈಯಲ್ಲಿಲ್ಲ. ಆದರೆ ಹಾಕುವ ಮೊದಲು ಅಳೆಯಬೇಕೆಂಬ ಬುದ್ಧಿಯನ್ನು ಮನೆಯಲ್ಲಿ ಬೆಳೆಸುವುದು ನಮ್ಮ ಕೈಯಲ್ಲಿದೆ. ಹಿತ್ತಿಲಿನಲ್ಲಿ ಹೊಸ ಕೊಳವೆಬಾವಿ ಕೊರೆಯಿಸಿದವರು, ಮಕ್ಕಳ ಬಾಯಿಗೆ ಆ ನೀರು ಬೀಳುವ ಮೊದಲು, ಒಂದು ಶುದ್ಧವಾದ ಬಾಟಲಿಯಲ್ಲಿ ತುಂಬಿ ಜಿಲ್ಲಾ ಕೇಂದ್ರದ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಡಿರಿ. ಫ್ಲೋರೈಡ್ ಎಷ್ಟಿದೆಯೆಂದು ಕಾಗದದ ಮೇಲೆ ಬರೆಯಿಸಿಕೊಳ್ಳಿರಿ. ಆ ಕಾಗದವನ್ನು ಮಕ್ಕಳಿಂದಲೇ ಓದಿಸಿರಿ. ನಾಳೆ ಅವರಲ್ಲಿ ಯಾರಾದರೂ ಕಡಲಿನ ಅಧಿಕಾರಿಯಾಗಿಯೋ ವಿಜ್ಞಾನಿಯಾಗಿಯೋ ಕುಳಿತಾಗ, ಯಾವ ಪತ್ರಕ್ಕೆ ಸಹಿ ಹಾಕುವ ಮೊದಲು ಯಾವ ಪ್ರಶ್ನೆ ಕೇಳಬೇಕೆಂಬುದು ಅವರಿಗೆ ಗೊತ್ತಿರುತ್ತದೆ.